ಮೇಷ್ಟರ ಮನೆಗೆ ವೈನ್ ಬಂತು

ನಮ್ಮ ಬೀದಿಯಲ್ಲಿ ಒಂದು ಮಾತು ಹುಟ್ಟಿದರೆ ಅದು ಬೀದಿಯ ಕೊನೆಯನ್ನು ಮುಟ್ಟುವುದಕ್ಕೆ ಹಾಲಿನವನ ಒಂದು ಸುತ್ತು ಸಾಕು. ಕಳೆದ ತಿಂಗಳು ಹಾಗೆ ಹುಟ್ಟಿದ ಮಾತು ಇದು: "ಮೇಷ್ಟರ ಮನೆಯಲ್ಲಿ ವೈನ್ ಹಾಕುತ್ತಿದ್ದಾರಂತೆ. ಈ ಅಂಕಣ ಬರೆಯುವ ಮಹಾಶಯರೇ ಎದುರಿಗೆ ಕುಳಿತು ಹಾಕಿಸುತ್ತಿದ್ದಾರಂತೆ!"

ಮಾತು ನಮ್ಮ ಮನೆಗೆ ತಲುಪಿದಾಗ ನಾನು ಊಟಕ್ಕೆ ಕುಳಿತಿದ್ದೆ. ಮನೆಯಾಕೆ ಸಾರಿನ ಸೌಟನ್ನು ಎತ್ತಿದ ಕೈಯಲ್ಲೇ ಹಿಡಿದು ನನ್ನ ಮುಖವನ್ನು ನೋಡಿದಳು. ವೈನ್ ಹಾಕಿದ್ದು ನಿಜವೆಂದೂ, ಆದರೆ ಅದನ್ನು ಹಾಕಿದ್ದು ಲೋಟಕ್ಕಲ್ಲ, ಕಂಪ್ಯೂಟರಿಗೆ ಎಂದೂ ವಿವರಿಸುವಷ್ಟರಲ್ಲಿ ಸಾರು ಆರಿಹೋಯಿತು. ಅಂದು ಅವಳಿಗೆ ಹೇಳಿದ್ದನ್ನೇ ಈ ವಾರ ವಾಚಕರ ಮುಂದಿಡುತ್ತಿದ್ದೇನೆ. ಹಳೆಯ ಕಂಪ್ಯೂಟರು, ಹಳೆಯ ಕಡತಗಳು, ಹೊಸ ಚಿಂತೆ ಇವು ಮೂರೂ ಕೂಡಿರುವ ಮನೆಗಳು ನಮ್ಮ ಬೀದಿಯಲ್ಲಿ ಮಾತ್ರವೇ ಇರಲಾರವು.

ಮೇಷ್ಟರು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಒಂದು ಕಂಪ್ಯೂಟರನ್ನು ಕೊಂಡು, ತಾವು ಹುಟ್ಟಿ ಬೆಳೆದ ಹಳ್ಳಿಯ ನೆನಪುಗಳನ್ನು ಸುಮಾರು ಹತ್ತು ವರ್ಷಕಾಲ ಬೆಳಗಿನ ಕಾಫಿಯ ಅನಂತರ ಒಂದೊಂದು ಗಂಟೆ ಕುಳಿತು ಬೆರಳಚ್ಚಿಸಿದರು. ನಡುವೆ ಕಂಪ್ಯೂಟರು ಒಮ್ಮೆ ಬದಲಾಯಿತು. ಮೇಷ್ಟರ ಕ್ರಮ ಬದಲಾಗಲಿಲ್ಲ. ಕಳೆದ ವರ್ಷ ಅವರು ತೀರಿಕೊಂಡರು. ಬರೆದದ್ದನ್ನು ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ವರ್ಷಾಬ್ದಿಕದ ದಿನ ಬಂಧುಗಳ ಕೈಗೆ ಕೊಡಬೇಕೆಂಬುದು ಅವರ ಪತ್ನಿಯ ಸಂಕಲ್ಪ. ಬೀದಿಗೆಲ್ಲ ಆಕೆ ಅಕ್ಕ, ನನಗೂ ಅಕ್ಕನೇ.

ಇಷ್ಟರಲ್ಲಿ ಯಂತ್ರಕ್ಕೆ ಕಾಲ ಬಂತು. 2025ರ ಅಕ್ಟೋಬರ್ 14ರಂದು ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಸಂಗತಿ ತಮಗೆ ತಿಳಿದಿದೆ. ಮುಂದಿನದಾದ ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತೆಯ ಅಂಗವೊಂದು ಇರಬೇಕು. ಮೇಷ್ಟರ ಯಂತ್ರದಲ್ಲಿ ಅದಿಲ್ಲ. ಹೊರದೇಶದಲ್ಲಿರುವ ಮಗ, "ಹೊಸದನ್ನು ಕೊಂಡುಬಿಡಿ, ಹಣ ಕಳುಹಿಸುತ್ತೇನೆ" ಎಂದ. ಅಕ್ಕ ಒಪ್ಪಲಿಲ್ಲ. ಆ ಕೀಲಿಮಣೆಯ ಕೆಲವು ಗುಂಡಿಗಳ ಮೇಲಿನ ಅಕ್ಷರಗಳು ಮೇಷ್ಟರ ಬೆರಳಿಗೆ ಸವೆದು ಅಳಿಸಿಹೋಗಿವೆ. ಅದನ್ನು ಗುಜರಿಗೆ ಕೊಡುವ ಮಾತನ್ನು ಆ ಮನೆಯಲ್ಲಿ ಆಡುವಂತಿಲ್ಲ.

ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ಇದಕ್ಕೆ ಒಂದು ದಾರಿ ಕಂಡುಹಿಡಿದ. ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ತುಂಬಿಟ್ಟು, ವಿಂಡೋಸನ್ನು ಅಳಿಸಿ, ಆ ಜಾಗದಲ್ಲಿ ಲಿನಕ್ಸ್ ಮಿಂಟ್ ಎಂಬುದನ್ನು ಸ್ಥಾಪಿಸಿದ. ಲಿನಕ್ಸ್ ಎಂಬುದು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕೆಲಸದಿಂದ ಬೆಳೆದದ್ದು. ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದು. ಹಳೆಯ ಯಂತ್ರಕ್ಕೆ ಅದು ಹಗುರ. ಅದನ್ನು ಹಾಕಿದ ಮೇಲೆ ಮೇಷ್ಟರ ಕಂಪ್ಯೂಟರು ಮೊದಲಿಗಿಂತ ಬೇಗ ಎಚ್ಚರಗೊಳ್ಳತೊಡಗಿತು. ಅಜ್ಜಿಯೂ ಮೊಮ್ಮಗನೂ ಹಿಗ್ಗಿದರು. ಆಮೇಲೆ ಮೇಷ್ಟರ ಕಡತವನ್ನು ತೆರೆದರು.

ತೆರೆದರೆ ಕನ್ನಡವೇ ಇಲ್ಲ!

ಮರುದಿನ ಬೆಳಗ್ಗೆ ಅಕ್ಕ ನಮ್ಮ ಮನೆಯ ಬಾಗಿಲಿಗೆ ಬಂದರು. ಕೈಯಲ್ಲಿ ಪೆನ್‌ಡ್ರೈವು, ಅದೂ ಕರವಸ್ತ್ರದಲ್ಲಿ ಸುತ್ತಿದ್ದು. "ನೋಡಿ, ಇದರಲ್ಲಿ ಅವರು ಬರೆದದ್ದು ಇತ್ತು. ಈಗ ಇದೆಯೋ ಇಲ್ಲವೋ ನನಗೆ ತಿಳಿಯದು. ಹುಡುಗ ರಾತ್ರಿಯೆಲ್ಲ ಊಟ ಮಾಡಿಲ್ಲ. ಹಳೆಯ ವರ್ಡ್ ಇದ್ದಿದ್ದರೆ ಸರಿಯಾಗುತ್ತಿತ್ತು ಅನ್ನುತ್ತಾನೆ. ಈ ಲಿನಕ್ಸಿನಲ್ಲಿ ವರ್ಡ್ ಓಡಿಸುವುದಕ್ಕೆ ಬರುತ್ತದೆಯೇ?"

ಬರುತ್ತದೆ ಎಂದೆ. ಅಷ್ಟನ್ನೇ ಹೇಳಿ ನಿಲ್ಲಿಸಿ, ವರ್ಡ್ ಏಕೆ ಬೇಕೆಂದು ನಾನು ಮೊದಲು ವಿಚಾರಿಸಬೇಕಾಗಿತ್ತು. ಅದನ್ನು ಮಾಡದೆ ಮೂರು ಸಂಜೆಗಳನ್ನು ಕಳೆದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ವಿಂಡೋಸಿಗಾಗಿ ರಚಿಸಿದ ಪ್ರೋಗ್ರಾಮು ಲಿನಕ್ಸಿನಲ್ಲಿ ತಾನಾಗಿ ಏಕೆ ಓಡದು? ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗವಾಗಿ ಬಂದ ಹಳೆಯ ಗುಮಾಸ್ತನನ್ನು ನೆನೆಯಿರಿ. ಅವನು ಕೆಲಸ ಬಲ್ಲವನೇ. ಆದರೆ "ಮೂರನೆಯ ಬೀರುವಿನ ಎರಡನೆಯ ಅರೆಯ ರಿಜಿಸ್ಟರು ಕೊಡು" ಎಂದು ಹಳೆಯ ಕಚೇರಿಯ ಲೆಕ್ಕದಲ್ಲಿಯೇ ಕೇಳುತ್ತಾನೆ. ಹೊಸ ಕಚೇರಿಯಲ್ಲಿ ಆ ಬೀರುವೇ ಇಲ್ಲ. ರಿಜಿಸ್ಟರು ಮಾತ್ರ ಬೇರೆಲ್ಲೋ ಉಂಟು. ಆಗ ಎರಡು ಕಚೇರಿಗಳನ್ನೂ ಬಲ್ಲ ಒಬ್ಬ ದಫೇದಾರ ನಡುವೆ ನಿಂತು, ಗುಮಾಸ್ತ ಕೇಳಿದ್ದನ್ನು ಇಲ್ಲಿಯ ಜಾಗದಿಂದ ತೆಗೆದುಕೊಟ್ಟರೆ ಕೆಲಸ ಸಾಗುತ್ತದೆ. ಗುಮಾಸ್ತನಿಗೆ ತಾನು ಬೇರೆ ಕಚೇರಿಯಲ್ಲಿದ್ದೇನೆಂಬುದೇ ತಿಳಿಯುವುದಿಲ್ಲ. ಆ ದಫೇದಾರನ ಹೆಸರೇ ವೈನ್. ಕಡತ ತೆರೆ, ಕಿಟಕಿ ಬರೆ, ಅಕ್ಷರ ಮೂಡಿಸು ಎಂದು ವರ್ಡ್ ವಿಂಡೋಸನ್ನು ಕೇಳುವ ಪ್ರತಿಯೊಂದು ಕೋರಿಕೆಯನ್ನೂ ವೈನ್ ಆಲಿಸಿ, ಲಿನಕ್ಸಿನ ಕೈಯಿಂದ ಅದೇ ಕೆಲಸವನ್ನು ಮಾಡಿಸಿಕೊಡುತ್ತದೆ. ವೈನ್ ಒಳಗೆ ವಿಂಡೋಸ್ ಇಲ್ಲ. ಆದುದರಿಂದ ವೈನಿಗಾಗಿ ವಿಂಡೋಸನ್ನು ಕೊಳ್ಳಬೇಕಾಗಿಯೂ ಇಲ್ಲ.

ಈ ದಫೇದಾರನ ತರಬೇತಿ ಬಹಳ ದೀರ್ಘವಾದದ್ದು. 1993ರಲ್ಲಿ ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ ಎಂಬುವರು ಕೆಲಸ ಆರಂಭಿಸಿದರು. ಮರುವರ್ಷದಿಂದ ಅದರ ಹೊಣೆ ಹೊತ್ತವರು ಅಲೆಕ್ಸಾಂಡರ್ ಜೂಲಿಯಾರ್. "ಇದು ಪೂರ್ಣವಾಯಿತು, 1.0" ಎಂದು ಹೇಳುವ ಧೈರ್ಯ ಬಂದದ್ದು 2008ರ ಜೂನ್ ತಿಂಗಳಿನಲ್ಲಿ, ಹದಿನೈದು ವರ್ಷಗಳ ಮೇಲೆ. ನಮ್ಮಲ್ಲಿ ಹದಿನೈದು ವರ್ಷ ಒಂದು ಕಟ್ಟಡ ಮುಗಿಯದಿದ್ದರೆ ಗುತ್ತಿಗೆದಾರನನ್ನು ಬೈಯುತ್ತೇವೆ. ಇಲ್ಲಿ ಗುತ್ತಿಗೆಯೂ ಇಲ್ಲ, ಕಟ್ಟಡದ ನಕ್ಷೆಯನ್ನೂ ಯಾರೂ ಕೊಟ್ಟಿರಲಿಲ್ಲ. ಬಹುಪಾಲು ಸ್ವಂತ ಇಚ್ಛೆಯಿಂದ ದುಡಿದ ಜನ, ವಿಂಡೋಸಿನ ನಡವಳಿಕೆಯನ್ನು ಹೊರಗಿನಿಂದ ನೋಡಿ ನೋಡಿ ಕಟ್ಟಿದ್ದು ಅದು.

ಮೊದಲನೆಯ ಸಂಜೆ. ಮೇಷ್ಟರ ಬೀರುವಿನಲ್ಲಿ ಆಫೀಸ್ 2007ರ ಸಿ.ಡಿ. ಪೆಟ್ಟಿಗೆ ಸಮೇತ ಸಿಕ್ಕಿತು. ಹಿಂಬದಿಯಲ್ಲಿ ಇಪ್ಪತ್ತೈದು ಅಕ್ಷರಗಳ ಕೀಲಿಸಂಖ್ಯೆ. ಮೇಷ್ಟರು ರಸೀತಿಯನ್ನು ಕೂಡ ಮಡಿಸಿ ಒಳಗಿಟ್ಟಿದ್ದರು. ಇದು ದೊಡ್ಡ ಅನುಕೂಲವಾಯಿತು. ವೈನ್ ಹಳಬರಿಗೆ ಒಳ್ಳೆಯ ಸ್ನೇಹಿತ; ಆಫೀಸ್ 2007, 2010ರಂಥವು ಅದರ ಕೈಯಲ್ಲಿ ಸಾಮಾನ್ಯವಾಗಿ ಚೆನ್ನಾಗಿ ನಡೆಯುತ್ತವೆ. ಈಗ ವರ್ಷಕ್ಕಿಷ್ಟು ಎಂದು ಚಂದಾ ಕಟ್ಟಿ ಪಡೆಯುವ ಮೈಕ್ರೊಸಾಫ್ಟ್ 365 ಎಂಬುದರ ಸ್ಥಾಪನೆಯ ಕ್ರಮವೇ ಬೇರೆ. ಬರಿಯ ವೈನನ್ನು ನಂಬಿ ಹೊಸಬರು ಅದಕ್ಕೆ ಕೈಹಾಕಬಾರದು. ಕೀಲಿಸಂಖ್ಯೆಯಿಲ್ಲದೆ ಎಲ್ಲೆಲ್ಲೋ ಸಿಕ್ಕುವ ಪ್ರತಿಗಳ ಸಹವಾಸವಂತೂ ಬೇಡವೇ ಬೇಡ. ವಿಂಡೋಸಿನ ರೋಗಾಣುಗಳು ಕೆಲವು ವೈನಿನೊಳಗೂ ಓಡಾಡಬಲ್ಲವು.

ಮಿಂಟಿನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಎಂಬ ಅಂಗಡಿಯೊಂದಿದೆ, ಬೆಲೆಯಿಲ್ಲದ ಅಂಗಡಿ. ಅಲ್ಲಿ ವೈನ್ ಎಂದು ಹುಡುಕಿ ಸ್ಥಾಪಿಸಿದೆವು. ಸಿ.ಡಿ. ಓದುವ ಪೆಟ್ಟಿಗೆಯನ್ನು ಎದುರು ಮನೆಯವರಿಂದ ಎರವಲು ತಂದದ್ದಾಯಿತು (ವೈನಿನ ಸುದ್ದಿ ಹಬ್ಬಿದ್ದು ಅಲ್ಲಿಂದಲೇ ಎಂದು ನನ್ನ ಊಹೆ). ಸಿ.ಡಿ.ಯೊಳಗಿನ ಸೆಟಪ್ ಎಂಬ ಕಡತದ ಮೇಲೆ ಎರಡು ಸಲ ಒತ್ತಿದೆವು. ಏನೂ ಆಗಲಿಲ್ಲ. ಮತ್ತೆ ಒತ್ತಿದೆವು. ಹುಡುಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಒಳಗಿನಿಂದ ಅಕ್ಕ, "ಬಂತೇ?" ಎಂದು ಕೇಳಿದರು.

ತಪ್ಪು ನನ್ನದೇ. ಆಫೀಸ್ 2007 ಮೂವತ್ತೆರಡು ಬಿಟ್ಟುಗಳ ಕಾಲದ ಪ್ರೋಗ್ರಾಮು. ಯಂತ್ರವೂ ಲಿನಕ್ಸೂ ಅರವತ್ತನಾಲ್ಕು ಬಿಟ್ಟಿನವು. ಆಣೆ ಪೈ ಲೆಕ್ಕ ಬಲ್ಲ ಹಿರಿಯರನ್ನು 1957ರ ಅನಂತರದ ನಯಾಪೈಸೆಯ ಅಂಗಡಿಗೆ ಕಳುಹಿಸಿದಂತೆ. ಅಂಗಡಿಯಿಂದ ವೈನ್ ತರುವಾಗ ಅದರ ಮೂವತ್ತೆರಡು ಬಿಟ್ಟಿನ ಭಾಗವೂ ಬಂದಿದೆಯೇ ಎಂದು ನೋಡಬೇಕಾಗಿತ್ತು, ನಾನು ನೋಡಿರಲಿಲ್ಲ. ವೈನಿನ ತೀರ ಹೊಸ ಆವೃತ್ತಿಗಳು ಈ ತೊಡಕನ್ನು ತಾವೇ ಬಿಡಿಸಿಕೊಳ್ಳುವ ದಾರಿ ಹಿಡಿದಿವೆಯಾದರೂ, ಅಂಗಡಿಯಲ್ಲಿರುವುದು ಕೊಂಚ ಹಳೆಯದಾಗಿರುವುದೂ ಉಂಟು.

ಎರಡನೆಯ ಸಂಜೆ ಆ ಭಾಗವನ್ನೂ ಸೇರಿಸಿದೆವು. ಸೆಟಪ್ ಎದ್ದು ಕುಳಿತಿತು, ಕೀಲಿಸಂಖ್ಯೆ ಕೇಳಿತು, ಹತ್ತಾರು ನಿಮಿಷ ಪಟ್ಟಿ ತುಂಬುತ್ತ ಸಾಗಿತು. ಈ ನಡುವೆ ಹುಡುಗನಿಗೆ ಒಂದು ಗುಟ್ಟು ತೋರಿಸಿದೆ. ಹೊಸಬರೆಲ್ಲರಿಗೂ ಇದು ತಿಳಿದಿರಬೇಕು. ವೈನ್ ತನ್ನ ಸಂಸಾರವನ್ನೆಲ್ಲ ನಮ್ಮ ಮನೆಕಡತದೊಳಗಿನ ಒಂದು ಮರೆಯ ಕೋಶದಲ್ಲಿ ಹೂಡುತ್ತದೆ. ಕೋಶದ ಹೆಸರು ವೈನ್ ಎಂದೇ, ಮುಂದೆ ಒಂದು ಚುಕ್ಕೆ. ಚುಕ್ಕೆಯಿರುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳದು. ಕಡತಗಳ ಕಿಟಕಿಯಲ್ಲಿ ಕಂಟ್ರೋಲ್ ಗುಂಡಿಯೊಂದಿಗೆ ಎಚ್ ಒತ್ತಿದರೆ ಕಾಣುತ್ತದೆ. ಅದರೊಳಗೆ ಒಂದು ನಟನೆಯ ಸಿ ಡ್ರೈವು. ವರ್ಡ್ ತಾನು ಅಲ್ಲಿ ವಾಸವಾಗಿದ್ದೇನೆಂದು ನಂಬಿಕೊಂಡಿರುತ್ತದೆ. ಏನಾದರೂ ಕೆಟ್ಟು ಹಾಳಾದರೆ ಆ ಕೋಶವೊಂದನ್ನು ಅಳಿಸಿ ಮೊದಲಿನಿಂದ ತೊಡಗಬಹುದು. ಲಿನಕ್ಸಿಗೆ ಕೂದಲೂ ಕೊಂಕದು. ಇದರಿಂದಲೇ ಇನ್ನೊಂದು ಎಚ್ಚರಿಕೆಯೂ ಹುಟ್ಟುತ್ತದೆ: ಬೆಲೆಬಾಳುವ ಬರಹವನ್ನು ಆ ಕೋಶದೊಳಗೆ ಇಡಬೇಡಿ, ಹೊರಗೆ ನಿಮ್ಮ ದಾಖಲೆಗಳ ಜಾಗದಲ್ಲಿಯೇ ಇಡಿ. ವರ್ಡಿನಿಂದ ನೋಡುವಾಗ ಲಿನಕ್ಸಿನ ಕಡತಗಳೆಲ್ಲ ಜೆಡ್ ಎಂಬ ಡ್ರೈವಿನಲ್ಲಿ ದೊರೆಯುತ್ತವೆ. ವೈನನ್ನು ಎಂದೂ ಯಜಮಾನನ ಅಧಿಕಾರದಿಂದ, ಅಂದರೆ ರೂಟ್ ಎಂಬ ಹೆಸರಿನಲ್ಲಿ ಓಡಿಸಬಾರದು.

ಪವರ್‌ಪಾಯಿಂಟ್ ಒಂದು ಮಾತ್ರ ಮುನಿಸಿಕೊಳ್ಳುವುದುಂಟು. ಆಗ ವೈನ್‌ಟ್ರಿಕ್ಸ್ ಎಂಬ ಸಹಾಯಕನನ್ನು ಅದೇ ಅಂಗಡಿಯಿಂದ ತಂದು, ಅದರ ಪಟ್ಟಿಯಲ್ಲಿ ರಿಚೆಡ್ 20 ಎಂಬುದನ್ನು ಆರಿಸಿ ಸೇರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಮೇಷ್ಟರ ಮನೆಯಲ್ಲಿ ಅದರ ಅಗತ್ಯ ಬೀಳಲಿಲ್ಲ.

ವರ್ಡ್ ತೆರೆಯಿತು. ಅದೇ ನೀಲಿ ಪಟ್ಟಿ, ಎಡಮೂಲೆಯಲ್ಲಿ ಅದೇ ದುಂಡು ಗುಂಡಿ. ಅಕ್ಕನನ್ನು ಕರೆದೆವು. ಕನ್ನಡಕ ಹಾಕಿಕೊಂಡು ಬಂದು ಕುಳಿತರು. ಹುಡುಗ ಕಡತವನ್ನು ತೆರೆದ. ಮತ್ತೆ ಅದೇ ಕಸ!

ಆ ನಿಮಿಷದಲ್ಲಿ ನನಗಾದ ನಾಚಿಕೆ ಸಣ್ಣದಲ್ಲ. ಹುಡುಗ ಎದ್ದು ಹೊರಗೆ ಹೋದ. ಅಕ್ಕ ಏನೂ ಹೇಳಲಿಲ್ಲ, ಪರದೆಯ ಮೇಲೆ ಬೆರಳಿಟ್ಟು, "ಈ ಪೌಂಡಿನ ಗುರುತು ಏಕೆ ಇಷ್ಟು ಸಲ ಬಂದಿದೆ? ಅವರು ಹಣದ ವಿಷಯ ಬರೆದವರೇ ಅಲ್ಲ" ಎಂದರು.

ಆ ಪ್ರಶ್ನೆ ನನ್ನ ಕಣ್ಣು ತೆರೆಸಿತು. ಪೌಂಡಿನ ಗುರುತು ಇದ್ದ ಒಂದು ಪದವನ್ನು ನೋಡಿದೆ. ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಓರೆಗೆರೆಯಿರುವ ಎ, ಆಮೇಲೆ ಪೌಂಡಿನ ಗುರುತು, ಮತ್ತೆ ಓರೆಗೆರೆಯ ಎ, ಜರ್ಮನರು ಬರೆಯುವ ಜೋಡಿ ಎಸ್ಸು, ಸಣ್ಣ ಕ್ಯೂ, ಕೊನೆಗೆ ಮತ್ತೆ ಅದೇ ಎ. ಏಳು ಗುರುತುಗಳು. ಅದು ಮೇಷ್ಟರು ಜೀವಮಾನವೆಲ್ಲ ಕಲಿಸಿದ ಪದವೇ: "ಕನ್ನಡ".

ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಲಿನಕ್ಸ್ ಹುಟ್ಟಿದ 1991ರಲ್ಲಿಯೇ ಯುನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯ ಮೊದಲ ಆವೃತ್ತಿಯೂ ಹೊರಬಂತು, ಅದರಲ್ಲಿ ಕನ್ನಡಕ್ಕೂ ಮನೆ ದೊರೆತಿತ್ತು. ಆದರೆ ಮನೆ ಮಂಜೂರಾದ ಮಾತ್ರಕ್ಕೆ ಒಕ್ಕಲು ಆಗುವುದಿಲ್ಲವಷ್ಟೆ. ನಮ್ಮ ಒತ್ತಕ್ಷರ, ಗುಣಿತಗಳನ್ನು ಜೋಡಿಸಿ ತೋರಿಸುವ ಶಕ್ತಿ ಸಾಮಾನ್ಯ ವಿಂಡೋಸಿಗೆ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ. ಅದು ಜನರಲ್ಲಿ ಬಳಕೆಗೆ ಬಂದದ್ದು ಇನ್ನೂ ತಡವಾಗಿ. ಅಲ್ಲಿಯವರೆಗೆ ಕನ್ನಡಿಗರು ಕೈಕಟ್ಟಿ ಕುಳಿತಿರಲಿಲ್ಲ. ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದ ತಂತ್ರಾಂಶಗಳು ಒಂದು ಜಾಣ ಉಪಾಯವನ್ನು ಹಿಡಿದವು. ಕಂಪ್ಯೂಟರಿನ ಒಳಗೆ ಇಂಗ್ಲಿಷು ಮತ್ತು ಐರೋಪ್ಯ ಅಕ್ಷರಗಳ ಸಂಖ್ಯೆಗಳೇ ಕುಳಿತಿರುತ್ತವೆ. ಆದರೆ ಅಕ್ಷರರೂಪದ ಕಡತ, ಅಂದರೆ ಫಾಂಟು, ಪಿ ಬರಬೇಕಾದ ಕಡೆ ಕಕಾರದ ಆಕಾರವನ್ನೂ, ಪೌಂಡಿನ ಕಡೆ ನಕಾರದ ಆಕಾರವನ್ನೂ ಬರೆದು ತೋರಿಸುತ್ತದೆ. ನಾಡಿನ ಎಷ್ಟೋ ಕಚೇರಿಗಳು, ಅಚ್ಚುಕೂಟಗಳು, ಮೇಷ್ಟರಂಥ ಎಷ್ಟೋ ಮಂದಿ ಬರೆದದ್ದು ಈ ಉಪಾಯದ ಬಲದಿಂದಲೇ. ಅದನ್ನು ಇಂದು ಹಳಿಯುವವರನ್ನು ಕಂಡರೆ ನನಗೆ ಸೇರುವುದಿಲ್ಲ.

ಫಾಂಟು ಇರುವವರೆಗೆ ಕನ್ನಡ. ಫಾಂಟು ಹೋದರೆ ಪೌಂಡು. ಹುಡುಗ ಪೆನ್‌ಡ್ರೈವಿಗೆ ಕಡತಗಳನ್ನು ಜತನವಾಗಿ ತುಂಬಿಕೊಂಡಿದ್ದ, ವಿಂಡೋಸಿನ ಫಾಂಟುಗಳ ಕೋಶವನ್ನು ಅವನು ಎಣಿಸಿಯೇ ಇರಲಿಲ್ಲ. ಅವನನ್ನು ದೂರುವಂತಿಲ್ಲ, ಎರಡು ಸಂಜೆ ನನಗೂ ಹೊಳೆಯಲಿಲ್ಲವಲ್ಲ.

ಮೂರನೆಯ ಸಂಜೆ ನುಡಿಯ ಫಾಂಟುಗಳನ್ನು ತಂದೆವು. ನುಡಿ ಉಚಿತವಾಗಿ ದೊರೆಯುವಂಥದು. ಕಡತದಲ್ಲಿ ಮೇಷ್ಟರು ಬಳಸಿದ್ದ ಫಾಂಟಿನ ಹೆಸರನ್ನೇ ನೋಡಿಕೊಂಡು ಅದನ್ನು ಆರಿಸಿದೆವು. ಫಾಂಟಿನ ಮೇಲೆ ಎರಡು ಸಲ ಒತ್ತಿದರೆ ಮಿಂಟು ಅದರ ಮಾದರಿಯನ್ನು ತೋರಿಸಿ, ಸ್ಥಾಪಿಸು ಎಂಬ ಗುಂಡಿಯನ್ನು ಕೊಡುತ್ತದೆ. ಲಿನಕ್ಸಿಗೆ ಕೊಟ್ಟ ಫಾಂಟನ್ನು ವೈನೂ ಬಳಸಿಕೊಳ್ಳುತ್ತದೆ, ಪ್ರತ್ಯೇಕವಾಗಿ ಕೊಡಬೇಕಾಗಿಲ್ಲ. ಹುಡುಗ ಕಡತದ ಮೇಲೆ ಒತ್ತಿದ. ಪರದೆಯ ತುಂಬ ಮೇಷ್ಟರ ಕನ್ನಡ.

ಅಕ್ಕ ಮೊದಲ ಪುಟವನ್ನು ಬಾಯಿಬಿಟ್ಟು ಓದಿದರು. ಊರ ಕೆರೆಯ ತೂಬು, ಅದರ ಪಕ್ಕದ ಹುಣಿಸೆಮರ. ನಾವಿಬ್ಬರೂ ಸುಮ್ಮನೆ ಕುಳಿತಿದ್ದೆವು. ಎರಡು ಪುಟ ಕಳೆದ ಮೇಲೆ ಹುಡುಗ ನನ್ನ ಕಿವಿಯಲ್ಲಿ, "ಅಂಕಲ್, ಇದು ವರ್ಡ್ ಅಲ್ಲ" ಎಂದ.

ಹೌದು, ಅದು ವರ್ಡ್ ಆಗಿರಲಿಲ್ಲ! ಅವಸರದಲ್ಲಿ ಅವನು ಕಡತದ ಮೇಲೆ ಒತ್ತಿದಾಗ ತೆರೆದುಕೊಂಡದ್ದು ಮಿಂಟಿನೊಡನೆ ತಾನಾಗಿಯೇ ಬಂದಿದ್ದ ಲಿಬ್ರೆ ಆಫೀಸ್. ಮೊದಲ ದಿನವೇ ಮನೆಯಲ್ಲಿದ್ದದ್ದು. ಫಾಂಟೊಂದನ್ನು ಕೊಟ್ಟಿದ್ದರೆ ಮೊದಲ ದಿನವೇ ಓದಿಸುತ್ತಿತ್ತು. ಈ ಲಿಬ್ರೆ ಆಫೀಸಿನ ವಂಶಾವಳಿಯೂ ಸ್ವಾರಸ್ಯವಾದದ್ದೇ. 1980ರ ದಶಕದ ನಡುವಿನಲ್ಲಿ ಜರ್ಮನಿಯ ಲ್ಯೂನೆಬುರ್ಗ್ ಊರಿನ ಮಾರ್ಕೊ ಬೋರಿಸ್ ಎಂಬ ಹದಿಹರೆಯದ ಹುಡುಗ ತೆರೆದ ಕಂಪನಿಯ ಸರಕು. 1999ರಲ್ಲಿ ಸನ್ ಸಂಸ್ಥೆ ಅದನ್ನು ಕೊಂಡು, ಮರುವರ್ಷ ಅದರ ಒಳಬರಹವನ್ನೆಲ್ಲ ಲೋಕಕ್ಕೆ ಬಿಟ್ಟುಕೊಟ್ಟಿತು. 2010ರಲ್ಲಿ ಕೆಲಸಗಾರರು ಬೇರೆ ಮನೆ ಹೂಡಿ ಲಿಬ್ರೆ ಆಫೀಸ್ ಎಂದು ಹೆಸರಿಟ್ಟರು. ಕನ್ನಡದ ಪಟ್ಟಿಗಳೊಂದಿಗೂ ಅದು ದೊರೆಯುತ್ತದೆ.

ಹಾಗಾದರೆ ವೈನಿನ ಮೂರು ಸಂಜೆ ನೀರುಪಾಲೇ? ನಾನೂ ಹಾಗೆಂದೇ ತಿಳಿದು ಚಪ್ಪಲಿ ಮೆಟ್ಟುತ್ತಿದ್ದೆ. ಅಷ್ಟರಲ್ಲಿ ಅಕ್ಕ ಒಳಗಿನಿಂದ ಒಂದು ನೋಟುಪುಸ್ತಕ ತಂದರು. ಮೇಷ್ಟರು ಅದರಲ್ಲಿ ಪೆನ್ಸಿಲಿನಿಂದ ತಮ್ಮ ತಿದ್ದುಪಡಿಗಳನ್ನು ಗುರುತು ಹಾಕಿಕೊಂಡಿದ್ದರು: 41ನೆಯ ಪುಟ, ಮೂರನೆಯ ಸಾಲು, ಅತ್ತೆಯ ಹೆಸರು ತಿದ್ದತಕ್ಕದ್ದು, 97ನೆಯ ಪುಟ, ಈ ಪ್ಯಾರಾ ಬಿಡತಕ್ಕದ್ದು. ಇಂಥವು ಎಂಬತ್ತು ತೊಂಬತ್ತು ಇದ್ದವು. ಲಿಬ್ರೆ ಆಫೀಸಿನಲ್ಲಿ ಪುಟಗಳು ಜರುಗಿದ್ದವು. 41ರಲ್ಲಿ ಅತ್ತೆಯೇ ಇಲ್ಲ. ಸಾಲು ಒಡೆಯುವ ಲೆಕ್ಕ, ಕೋಷ್ಟಕದ ಅಗಲ, ನಡುನಡುವೆ ಬಂದ ಇಂಗ್ಲಿಷ್ ಪದಗಳ ಫಾಂಟು ಇವುಗಳಲ್ಲಿ ಒಂದೊಂದು ಕೂದಲೆಳೆಯ ವ್ಯತ್ಯಾಸವಾದರೂ ನೂರು ಪುಟದಲ್ಲಿ ಅದು ಬೆಳೆದುಬಿಡುತ್ತದೆ. ಅದೇ ಕಡತವನ್ನು ವೈನಿನ ವರ್ಡಿನಲ್ಲಿ ತೆರೆದೆವು. 186 ಪುಟ, ನೋಟುಪುಸ್ತಕದ ರಟ್ಟಿನ ಮೇಲೆ ಮೇಷ್ಟರು ಬರೆದಿಟ್ಟ ಲೆಕ್ಕವೇ. 41ನೆಯ ಪುಟ, ಮೂರನೆಯ ಸಾಲು: ಅತ್ತೆ ಅಲ್ಲಿದ್ದರು.

ನನಗೆ ಚಪ್ಪಲಿ ಬಿಚ್ಚಿ ಮತ್ತೆ ಒಳಗೆ ಬರುವಷ್ಟು ಸಂತೋಷವಾಯಿತು. ಕಡತ ಓದಬೇಕು, ಪತ್ರ ಬರೆಯಬೇಕು, ಮನೆಯ ಲೆಕ್ಕ ಇಡಬೇಕು ಎನ್ನುವವರು ವೈನಿನ ಗೋಜಿಗೆ ಹೋಗುವುದು ಬೇಡ. ಲಿಬ್ರೆ ಆಫೀಸಿನಲ್ಲಿಯೇ ನಿರ್ವಹಿಸಬಹುದು. ಮೂಲದ ಪುಟ ಸಾಲುಗಳು ಇದ್ದಂತೆಯೇ ಬೇಕೆನ್ನುವವರಿಗೆ, ಆ ಪ್ರೋಗ್ರಾಮಿನದೇ ಯಾವುದೋ ವಿಶೇಷ ಬೇಕೆನ್ನುವವರಿಗೆ ವೈನ್ ಉಂಟು. ಆದಾಯ ತೆರಿಗೆ ಇಲಾಖೆಯ ಎಕ್ಸೆಲ್ ನಮೂನೆಗಳಂತೆ ಒಳಗೆ ಮ್ಯಾಕ್ರೊ ಎಂಬ ಆಜ್ಞೆಗಳನ್ನು ಹೊತ್ತ ಕಡತಗಳಲ್ಲಿ ಮಾತ್ರ ಎರಡೂ ಕೈಕೊಡಬಹುದು. ಸಂಬಳದಾರರು ಆ ಲೆಕ್ಕವನ್ನು ಇಲಾಖೆಯ ಜಾಲತಾಣದಲ್ಲಿಯೇ ತುಂಬಿ ಕೈತೊಳೆದುಕೊಳ್ಳುವುದು ಲೇಸು. ಮೈಕ್ರೊಸಾಫ್ಟ್ 365ರ ಚಂದಾದಾರರು ಲಿನಕ್ಸಿನ ಬ್ರೌಸರಿನಲ್ಲೇ ಅದರ ವರ್ಡ್, ಎಕ್ಸೆಲ್‌ಗಳನ್ನು ಬಳಸಬಹುದು. ಹಣ ಕೊಡಲು ಸಿದ್ಧರಿರುವವರಿಗೆ ವೈನನ್ನೇ ಹದಗೊಳಿಸಿ ಮಾರುವ ಕ್ರಾಸ್‌ಓವರ್ ಎಂಬುದೊಂದಿದೆ. ಲಿನಕ್ಸಿನೊಳಗೆ ಇಡೀ ವಿಂಡೋಸನ್ನೇ ಕೂಡಿಹಾಕುವ ವರ್ಚುವಲ್‌ಬಾಕ್ಸ್ ಮುಂತಾದವೂ ಇವೆ. ಅದಕ್ಕೆ ವಿಂಡೋಸಿನ ಪರವಾನಗಿ ಬೇಕು, ಯಂತ್ರದಲ್ಲಿ ಧಾರಾಳವಾಗಿ ಸ್ಮೃತಿ ಬೇಕು. ಮೇಷ್ಟರ ಯಂತ್ರ ಆ ಭಾರವನ್ನು ತಾಳುವುದಿಲ್ಲ.

ಇನ್ನೊಂದು ಮಾತನ್ನು ಹೇಳದಿದ್ದರೆ ತಪ್ಪಾದೀತು. ಆಫೀಸ್ 2007ಕ್ಕೆ ಭದ್ರತೆಯ ತಿದ್ದುಪಡಿಗಳು 2017ರ ಅಕ್ಟೋಬರಿನಲ್ಲಿಯೇ ನಿಂತಿವೆ. ನಿಮ್ಮ ಸ್ವಂತ ಹಳೆಯ ಕಡತಗಳಿಗೆ ಮಾತ್ರ ಅದನ್ನು ಬಳಸಿ. ಅಂಚೆಯಲ್ಲಿ ಯಾರೋ ಕಳುಹಿಸಿದ್ದನ್ನು ಅದರಲ್ಲಿ ತೆರೆಯಬೇಡಿ. ನುಡಿಯ ಹಳೆಯ ಕಡತವನ್ನು ಎಲ್ಲಿಯೇ ತಿದ್ದುವುದಿದ್ದರೂ ಮೊದಲು ಅದರ ಒಂದು ಪ್ರತಿ ತೆಗೆದಿಡಿ, ತಾನಾಗಿ ತಿದ್ದುವ ಆಟೊಕರೆಕ್ಟ್ ಎಂಬುದನ್ನು ಆರಿಸಿ. ಒಳಗಿರುವುದು ಇಂಗ್ಲಿಷ್ ಅಕ್ಷರವಲ್ಲವೆ? ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡದು ಮಾಡಲು ಹೊರಟರೆ ಒಂದು ಕನ್ನಡ ಅಕ್ಷರ ಹೋಗಿ ಇನ್ನೊಂದು ಬಂದು ಕೂರುತ್ತದೆ.

ಅಚ್ಚುಕೂಟದವರು ಯುನಿಕೋಡಿನಲ್ಲಿ ಕೊಡಿ ಎಂದರು. ನಮಗೂ ಅದೇ ಬೇಕಾಗಿತ್ತು. ಮುಂದಿನ ಯಂತ್ರ ಬಂದಾಗ ಮತ್ತೆ ಫಾಂಟು ಹುಡುಕುವ ಪಾಡು ಬೇಡ. ಹಳೆಯ ಸಂಕೇತದಿಂದ ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಹಲವಾರಿವೆ. ನಿಮಿಷದ ಕೆಲಸ. ತಪ್ಪು ಹುಡುಕುವುದು ಮಾತ್ರ ವಾರಗಳ ಕೆಲಸ. ಅರ್ಕಾವೊತ್ತನ್ನು ಗಮನಿಸಿ: "ಕರ್ನಾಟಕ" ಎಂದು ಬರೆದಾಗ ನುಡಿಯ ಹಳೆಯ ಕ್ರಮದಲ್ಲಿ ಆ ಗುರುತು ನಾಕಾರದ ಅನಂತರ ಕುಳಿತಿರುತ್ತದೆ, ಕಣ್ಣಿಗೆ ಕಾಣುವಂತೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು, ನಾಲಗೆಗೆ ಬರುವಂತೆ. ಪರಿವರ್ತಕ ಹಿಂದುಮುಂದು ಮಾಡಿಕೊಡುತ್ತದೆ, ಎಲ್ಲೋ ಒಂದೆಡೆ ಮರೆಯುತ್ತದೆ. ಮೇಷ್ಟರು ಇಂಗ್ಲಿಷಿನಲ್ಲೇ ಬರೆದ ಪದಗಳನ್ನೂ ಅದು ಕನ್ನಡವೆಂದೇ ಭ್ರಮಿಸಿ ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ವರ್ಡಿನ ಪುಟವನ್ನು ಒಂದು ಕಡೆ, ಹೊಸ ಪ್ರತಿಯನ್ನು ಇನ್ನೊಂದು ಕಡೆ ಇಟ್ಟುಕೊಂಡು ಅಜ್ಜಿ ಓದುತ್ತ ಹೋದರು, ಮೊಮ್ಮಗ ತಿದ್ದುತ್ತ ಹೋದ. ದಿನಕ್ಕೆ ಹತ್ತು ಪುಟ.

ತಿದ್ದುವುದಕ್ಕೆ ನುಡಿಯ ಕೀಲಿಮಣೆ ಬೇಕಲ್ಲವೆ ಎಂದು ಕೇಳಬಹುದು. ಬೇಡ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆ ಕಗಪ ಎಂಬ ಹೆಸರಿನಲ್ಲಿ ಲಿನಕ್ಸಿನೊಳಗೇ ಇದೆ. ಮಿಂಟಿನ ಕೀಲಿಮಣೆಯ ವ್ಯವಸ್ಥೆಗೆ ಹೋಗಿ, ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡ ಕಗಪವನ್ನು ಸೇರಿಸಿದರೆ ಮುಗಿಯಿತು. ಒತ್ತಕ್ಷರಕ್ಕೆ ನಡುವೆ ಎಫ್ ಗುಂಡಿ; ಕೆ, ಎಫ್, ಕೆ ಎಂದರೆ ಕ್ಕ.

ಕಳೆದ ಭಾನುವಾರ ಅವರು 186ನೆಯ ಪುಟಕ್ಕೆ ಬಂದರು. ನನ್ನನ್ನೂ ಕರೆದಿದ್ದರು. ಪುಟದ ನಡುವಿನಲ್ಲಿ ಬರಹ ನಿಲ್ಲುತ್ತದೆ. ಮದುವೆಯ ಹಿಂದಿನ ದಿನ ಊರಿಗೆ ಬರುವ ಬಸ್ಸು ಕೆಟ್ಟು ನಿಂತ ಸಂಗತಿ, ವಾಕ್ಯ ಪೂರ್ತಿಯಾಗಿಲ್ಲ. ಹುಡುಗ, "ಇಲ್ಲಿಗೆ ಮುಗಿಸಿ ಮೂರು ಚುಕ್ಕೆ ಹಾಕಲೇ ಅಜ್ಜಿ?" ಎಂದು ಕೇಳಿದ.

"ಚುಕ್ಕೆ ಏಕೆ? ಆ ಬಸ್ಸಿನಲ್ಲಿ ನಾನೂ ಇದ್ದೆ" ಎಂದರು ಅಕ್ಕ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅಕ್ಷರ ಅಳಿಸಿಹೋದ ಗುಂಡಿಗಳ ಮೇಲೆ ಒಂದು ನಿಮಿಷ ಕಣ್ಣಾಡಿಸಿ, "ಇದರಲ್ಲಿ ಎಫ್ ಯಾವುದು, ತೋರಿಸು" ಎಂದರು.